ತೊಂಬತ್ತು ನಂಬರಿನ ಎಣ್ಣೆ

ನಾನು ನಾಲ್ಕನೇ ಇಯತ್ತೆಯ ತನಕ ಸಾಲಿ ಕಲಿತವನು. ಬರೆಯುವುದು ಅಂದರೆ ನನಗೆ ಚೆಕ್ ಪೋಸ್ಟಿನಲ್ಲಿ ಸಹಿ ಹಾಕುವುದು, ಅಷ್ಟೇ. ಈಗ ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡು ಕೂತಿದ್ದೇನೆ, ಯಾಕಂದರೆ ಸಂತೋಷ ಹೊಟ್ಟೆಯಲ್ಲಿ ಹಿಡಿಯುತ್ತಿಲ್ಲ. ನಾನು ಅಜ್ಜನಾಗಿದ್ದೇನೆ, ಮೊನ್ನೆ ಮೊಮ್ಮಗಳು ಒಂದು ದೊಡ್ಡ ಕೆಲಸ ಮಾಡಿದ್ದಾಳೆ. ಓಣಿಯಲ್ಲಿ ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿ ಆಗಿದೆ, ಈಗ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಆದರೆ ಮೊಮ್ಮಗಳ ಸಂಗತಿ ಪೂರ್ತಿ ಹೇಳಬೇಕಾದರೆ ಒಂದು ಗಾಡಿಯ ಸಂಗತಿಯನ್ನೂ ಹೇಳಬೇಕಾಗುತ್ತದೆ. ಅದನ್ನು ಓಣಿಯಲ್ಲಿ ಯಾರಿಗೂ ಹೇಳಿಲ್ಲ.

ನಮ್ಮದು ಖಾನಾಪುರ. ಮೂವತ್ತು ವರ್ಷ ಲಾರಿ ಹೊಡೆದೆ. ಇಲ್ಲಿಯ ಹಂಚು, ಇಟ್ಟಿಗೆ ಹೇರಿಕೊಂಡು ಗೋವಾಕ್ಕೆ ಇಳಿದಿದ್ದೇನೆ, ಕೊಲ್ಹಾಪುರಕ್ಕೆ ಏರಿದ್ದೇನೆ. ಇರುವವಳು ಒಬ್ಬಳೇ ಮಗಳು. ಅವಳನ್ನು ಬೆಳಗಾವಿಗೆ ಕೊಟ್ಟಿದ್ದೇವೆ. ಅಳಿಯ ಅಲ್ಲೇ ಹತ್ತಿರದ ಮಚ್ಛೆ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ. ಮಗಳಿಗೆ ಕ್ಲಚ್ ಒತ್ತುವುದು ಒಗ್ಗಲಿಲ್ಲ ಅಂತ ಅವನು ಯಾರದೋ ಹಳೆಯ ಆಟೋಮ್ಯಾಟಿಕ್ ಕಾರು ಕೊಂಡುಕೊಂಡ. ಅದರಲ್ಲಿ ಕ್ಲಚ್ಚೇ ಇಲ್ಲ. ಗೇರಿನ ಹಿಡಿಕೆಯನ್ನು ‘ಡಿ’ಗೆ ಎಳೆದರೆ ಮುಂದೆ, ‘ಆರ್’ಗೆ ತಂದರೆ ಹಿಂದೆ, ಉಳಿದ ಗೇರುಗಳು ತಾವೇ ಬೀಳುತ್ತವೆ. ನನಗೆ ಮೊದಮೊದಲು ಎಡಗಾಲು ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ತಳವನ್ನು ತುಳಿಯುತ್ತಿತ್ತು. ಮಗಳು ನಗುತ್ತಿದ್ದಳು.

ಚೊಚ್ಚಲ ಹೆರಿಗೆಗೆ ಮಗಳನ್ನು ನಮ್ಮ ಮನೆಗೆ ಕರೆತಂದಾಗ ಅಳಿಯ ಕಾರನ್ನೂ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿದ. ತಾನು ಬೈಕಿನಲ್ಲಿ ಓಡಾಡುತ್ತೇನೆ, ಹೊತ್ತಿಗೆ ಬೇಕಾದರೆ ಗಾಡಿ ಇಲ್ಲಿರಲಿ ಅಂದ. ಅವನ ತಾಯಿಗೆ ಅದು ಸೇರಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಆ ಸಲ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಲಾರಿಯವರಲ್ಲಿ ಒಂದು ರೂಢಿಯಿದೆ. ಹಬ್ಬದ ಹಿಂದಿನ ದಿನ ಗಾಡಿಗೆ ಹಳೆ ಎಣ್ಣೆ ಇಳಿಸಿ ಹೊಸ ಎಣ್ಣೆ ಹಾಕುವುದು. ಮನೆಯವರಿಗೆ ಎಣ್ಣೆಸ್ನಾನ ಮಾಡಿಸಿದ ಹಾಗೆ. ಎಂಜಿನ್ನಿಗೆ ಒಂದು ಎಣ್ಣೆ, ಗೇರ್‌ಬಾಕ್ಸಿಗೆ ತೊಂಬತ್ತು ನಂಬರಿನ ಎಣ್ಣೆ. ಅದು ಕಾಕಂಬಿಯಂತೆ ದಪ್ಪ, ಬೆರಳಿಗೆ ಹತ್ತಿದರೆ ಎರಡು ದಿನ ವಾಸನೆ ಹೋಗುವುದಿಲ್ಲ. ಲಾರಿ ಬಿಟ್ಟು ಐದು ವರ್ಷವಾದರೂ ಒಂದು ಡಬ್ಬಿ ನನ್ನ ಮನೆಯ ಅಟ್ಟದ ಮೇಲಿತ್ತು. ಬಾಗಿಲಲ್ಲಿ ಗಾಡಿ ನಿಂತಿರುವಾಗ ಕೈ ಕಟ್ಟಿ ಕೂರುವುದು ನನ್ನಿಂದ ಆಗಲಿಲ್ಲ. ಬಾನೆಟ್ ಎತ್ತಿ ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಂಪಗೆ, ತೆಳ್ಳಗೆ, ಶರಬತ್ತಿನ ಹಾಗಿತ್ತು. ಸತ್ವವೆಲ್ಲ ಹೋಗಿ ನೀರಾಗಿದೆ ಅಂದುಕೊಂಡೆ. ಕೆಳಗೆ ನುಸುಳಿ ಬೋಲ್ಟ್ ಬಿಚ್ಚಿ ಪೂರಾ ಇಳಿಸಿದೆ. ಮತ್ತೆ ಬೋಲ್ಟ್ ಬಿಗಿದು, ಕಡ್ಡಿಯ ಕೊಳವೆಗೆ ಲಾಳಿಕೆ ಇಟ್ಟು ತೊಂಬತ್ತು ನಂಬರಿನ ಎಣ್ಣೆಯನ್ನು ಹನಿಹನಿಯಾಗಿ ಇಳಿಯಬಿಟ್ಟೆ. ಒಂದು ತಾಸು ಹಿಡಿಯಿತು. ಮರುದಿನ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಅಳಿಯನಿಗೆ ಹೇಳಲಿಲ್ಲ. ಗಾಡಿ ಮೆತ್ತಗೆ ಓಡುವುದನ್ನು ಕಂಡು ಅವನೇ ಕೇಳಲಿ ಎಂಬ ಆಸೆಯಿತ್ತು.

ಮುಂದಿನ ವಾರ ಮಗಳನ್ನು ತಪಾಸಣೆಗೆ ಬೆಳಗಾವಿಗೆ ಕರೆದುಕೊಂಡು ಹೊರಟೆ. ಹಿಡಿಕೆ ‘ಡಿ’ಗೆ ಎಳೆದೆ, ಗಾಡಿ ಕದಲಲಿಲ್ಲ. ಎರಡು ಮೂರು ಉಸಿರು ತೆಗೆದುಕೊಂಡು ಆಮೇಲೆ ಧಕ್ ಅಂತ ಮುಂದೆ ಹಾರಿತು. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಎಂಜಿನ್ನು ಕಿರುಚಿ, ತಡೆದು, ಮತ್ತೆ ಜಗ್ಗಿತು. ಬಾಜುವಿನಲ್ಲಿ ಕೂತ ಮಗಳು ಹೊಟ್ಟೆ ಹಿಡಿದುಕೊಂಡಳು. ಮೊದಲು ಹೀಗಿರಲಿಲ್ಲ, ಗ್ಯಾರೇಜಿಗೆ ತೋರಿಸೋಣ ಅಂದಳು. ಹೊಸ ಎಣ್ಣೆ ಹಾಕಿದ್ದೇನೆ ಅಂತ ಬಾಯಿಗೆ ಬಂದದ್ದನ್ನು ನಾನು ನುಂಗಿದೆ. ಮೂವತ್ತು ವರ್ಷ ಗೇರ್ ಹಾಕಿದವನು ನಾನು, ಗೇರೇ ಹಾಕಲು ಬರದ ಹುಡುಗರಿಗೆ ಏನು ತೋರಿಸುವುದು ಅಂದೆ. ಸ್ವಲ್ಪ ಓಡಿದ ಮೇಲೆ ಎಣ್ಣೆ ಕಾದು ಗಾಡಿ ದಾರಿಗೆ ಬಂತು. ಹೊಸ ಚಪ್ಪಲಿ ಕಚ್ಚಿದ ಹಾಗೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ದೀಪಾವಳಿಗೆ ಇನ್ನೂ ಎಂಟು ದಿನವಿರುವಾಗ, ಬೆಳಿಗ್ಗೆ ಹತ್ತರ ಸುಮಾರಿಗೆ ಮಗಳಿಗೆ ನೋವು ಬಂತು. ನಮ್ಮೂರ ದವಾಖಾನೆಯ ಲೇಡಿ ಡಾಕ್ಟರು, ನಾವು ಬಾಯಾರು ಅನ್ನುತ್ತೇವೆ, ಪರೀಕ್ಷಿಸಿ, ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಬೆಳಗಾವಿಗೆ ಒಯ್ಯಬೇಕು ಅಂದರು. ಆಂಬುಲೆನ್ಸ್ ಕಾಡಂಚಿನ ಹಳ್ಳಿಗೆ ಹೋಗಿದೆ, ಇಪ್ಪತ್ತು ನಿಮಿಷ ತಡೆಯಿರಿ, ಅದರಲ್ಲಿ ನರ್ಸ್ ಇರುತ್ತಾಳೆ ಅಂದರು. ನಾನು ತಡೆಯಲಿಲ್ಲ.

“ನಮ್ಮ ಗಾಡಿ ಬಾಗಲದಾಗ ಐತ್ರಿ ಬಾಯಾರ. ಇಪ್ಪತ್ತ ನಿಮಿಷದಾಗ ನಾ ಅರ್ಧಾ ದಾರಿ ಮುಟ್ಟಿರತೇನಿ.”

ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಅವಳ ತಲೆಯನ್ನು ನನ್ನ ಹೆಂಡತಿ ತೊಡೆಯ ಮೇಲೆ ಇಟ್ಟುಕೊಂಡಳು. ಮಲಪ್ರಭೆಯ ಸೇತುವೆ ದಾಟಿದೆವು, ಗಣೇಬೈಲ್ ದಾಟಿದೆವು. ನಾನು ಕಾಲು ಒತ್ತಿದಷ್ಟೂ ಎಂಜಿನ್ನು ಕೂಗುತ್ತಿತ್ತು, ಗಾಡಿಯ ಓಟ ಮಾತ್ರ ಇಳಿಯುತ್ತಿತ್ತು. ಸುಟ್ಟ ವಾಸನೆ ಬಂತು. ಮುಂದೆ ಒಂದು ಏರು ಸಿಕ್ಕಿತು. ಅರ್ಧ ಏರಿನಲ್ಲಿ ಗಾಡಿ ನಿಂತಿತು. ಎಂಜಿನ್ನು ನಡೆಯುತ್ತಿದೆ, ಹಿಡಿಕೆ ‘ಡಿ’ಯಲ್ಲಿದೆ, ಆದರೆ ಗಾಲಿಗೆ ಶಕ್ತಿ ಮುಟ್ಟುತ್ತಿಲ್ಲ. ನಾಲ್ಕು ಸಲ ಹಿಡಿಕೆ ಆಡಿಸಿದೆ. ಆಗ ನನಗೆ ತಿಳಿಯಿತು. ಯಾರೂ ಹೇಳುವುದು ಬೇಕಾಗಲಿಲ್ಲ, ಆ ವಾಸನೆ ನನ್ನ ಬೆರಳಿನ ವಾಸನೆಯೇ.

ಅಳಿಯನಿಗೆ ಫೋನು ಮಾಡಿದೆ. ಕಾರ್ಖಾನೆಯ ಟೆಂಪೋ ತೆಗೆದುಕೊಂಡು ಎದುರಿಗೆ ಬರುತ್ತೇನೆ ಅಂದ. ಎರಡು ಕಾರಿಗೆ ಕೈ ಮಾಡಿದೆ, ನಿಲ್ಲಲಿಲ್ಲ. ಹಿಂದೆ ಮಗಳು ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಸುಮ್ಮನೆ ನಿಲ್ಲಲಾರದೆ ಹಿಡಿಕೆಯನ್ನು ‘ಆರ್’ಗೆ ತಂದೆ. ಗಾಡಿ ಹಿಂದಕ್ಕೆ ಜಗ್ಗಿತು. ಮುಂದಿನ ಗೇರೆಲ್ಲ ಸತ್ತಿದ್ದವು, ಹಿಂದಿನದೊಂದು ಜೀವ ಹಿಡಿದಿತ್ತು.

ರಸ್ತೆಯ ಬದಿಗೆ ಒಂದು ಬಯಲಿತ್ತು. ಹಿಂದಕ್ಕೇ ಓಡಿಸುತ್ತ ಅದರಲ್ಲಿ ಸುತ್ತು ಹೊಡೆದು, ಗಾಡಿಯ ಮುಖ ಖಾನಾಪುರದ ಕಡೆಗೆ, ಬೆನ್ನು ಬೆಳಗಾವಿಯ ಕಡೆಗೆ ಮಾಡಿದೆ. ಹಾಗೇ ಬೆನ್ನುಮುಂದಾಗಿ ಏರು ಹತ್ತಿದೆ. ಒಬ್ಬ ಬೈಕಿನವನು ನಿಂತು ಏನಾಯಿತು ಅಂತ ಮರಾಠಿಯಲ್ಲಿ ಕೇಳಿದ, ಒಳಗೆ ಇಣುಕಿದ. ಟವೆಲ್ ಬೀಸುತ್ತ, ಬರುವ ವಾಹನಗಳನ್ನು ಬದಿಗೆ ಸರಿಸುತ್ತ ನಮ್ಮ ಜೊತೆಗೇ ಬಂದ. ಅವನ ಹೆಸರೂ ನನಗೆ ಗೊತ್ತಿಲ್ಲ.

ಹಿಂದಕ್ಕೆ ಗಾಡಿ ಓಡಿಸುವವನು ಹಿಂದೆ ತಿರುಗಿ ನೋಡಲೇಬೇಕು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣಬೇಕಾದರೆ ಅದಕ್ಕೂ ಮೊದಲು ಮಗಳ ಮುಖ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ತುಟಿ ಬಿಳುಪೇರಿತ್ತು. ನೋವು ಬಂದಾಗ ಕಣ್ಣು ಮುಚ್ಚುತ್ತಿದ್ದಳು, ಬಿಟ್ಟಾಗ ನನ್ನನ್ನೇ ನೋಡುತ್ತಿದ್ದಳು. ಒಂದು ಸಲ ಹೆಂಡತಿ, ಎಷ್ಟು ದೂರ ಹೀಗೆ ಹೋಗುವುದು ಅಂತ ಕೇಳಿದಳು. ನಾನು ಕಾಲು ಇನ್ನಷ್ಟು ಒತ್ತಿದೆ. ಹಾಗೆ ಹೋದದ್ದು ಎರಡು ಕಿಲೋಮೀಟರ್ ಇರಬಹುದು, ಮೂರೂ ಇರಬಹುದು. ಆಮೇಲೆ ಆ ಗೇರೂ ಸತ್ತಿತು. ಗಾಡಿ ಅರ್ಧ ರಸ್ತೆಯ ಮೇಲೆ ನಿಂತುಬಿಟ್ಟಿತು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ, ಅಳಿಯ ಬಂದ. ಟೆಂಪೋದ ಮುಂದೆ ಮೂರೇ ಜನಕ್ಕೆ ಜಾಗ. ಮಗಳನ್ನು ಎತ್ತಿ ಕೂರಿಸಿದೆವು, ಹೆಂಡತಿ ಅವಳನ್ನು ತಬ್ಬಿಕೊಂಡು ಕೂತಳು. ರಸ್ತೆಗೆ ಅಡ್ಡವಾದ ಗಾಡಿಯನ್ನು ಬಿಟ್ಟು ಬರುವಂತಿರಲಿಲ್ಲ. ನಾನು ಉಳಿದೆ. ಹೋಗುವಾಗ ಅಳಿಯ ನನ್ನ ಕೈ ಹಿಡಿದು, “ತಪ್ಪ ನಂದ ಐತ್ರಿ ಮಾವಾರ. ಹಳೇ ಗಾಡಿ ತಗೊಂಡ ನಿಮ್ಮ ಕುತಿಗಿಗೆ ಕಟ್ಟಿದೆ” ಅಂದ.

ಬೈಕಿನವನೂ ನಾನೂ ಗಾಡಿಯನ್ನು ಬದಿಗೆ ನೂಕಿದೆವು. ಅವನು ಹೋದ ಮೇಲೆ ನಾನೊಬ್ಬನೇ. ಬಾನೆಟ್ ಎತ್ತಿ ಕಡ್ಡಿ ಎಳೆದೆ. ಎಣ್ಣೆ ಕರ್ರಗೆ ಡಾಂಬರಾಗಿತ್ತು. ಫೋನು ಬರಲಿ ಅಂತಲೂ ಕಾಯುತ್ತಿದ್ದೆ, ಬರದಿರಲಿ ಅಂತಲೂ ಬೇಡಿಕೊಳ್ಳುತ್ತಿದ್ದೆ. ಎರಡು ತಾಸಿನ ಮೇಲೆ ಹೆಂಡತಿ ಫೋನು ಮಾಡಿದಳು. ಆಪರೇಶನ್ ಆಗಿದೆ, ಹೆಣ್ಣುಮಗು, ಮಗಳು ಹುಷಾರಿದ್ದಾಳೆ. ಕೂಸು ಅಳುತ್ತದೆಯೇ ಅಂತ ಕೇಳಿದೆ.

“ಹುಟ್ಟಿದ ಕೂಡಲೇ ಅಳಲಿಲ್ರಿ. ಗಾಜಿನ ಪೆಟಗ್ಯಾಗ ಇಟ್ಟಾರ. ನೀವು ಬರ್ರಿ.”

ಕೂಸು ಒಂಬತ್ತು ದಿನ ಆ ಪೆಟ್ಟಿಗೆಯಲ್ಲಿತ್ತು. ತಲೆಗೆ ಉಸಿರು ಕಡಿಮೆ ಮುಟ್ಟಿದೆ, ಮುಂದೆ ಕೈಕಾಲು, ಕುತ್ತಿಗೆ ಹೇಗೆ ಬರುತ್ತವೆ ಅಂತ ಈಗಲೇ ಹೇಳಲಾಗದು ಅಂದರು ಡಾಕ್ಟರು. ದವಾಖಾನೆಯ ಪಡಸಾಲೆಯಲ್ಲಿ ಬೀಗತಿ ತನ್ನ ಮಗನನ್ನು ಎಲ್ಲರ ಎದುರು ಬೈಯುತ್ತಿದ್ದಳು. “ಸವಕಲ ಗಾಡಿ ತಂದ ಕೂಸಿನ ಜೀವದ ಮ್ಯಾಲ ಹೇರಿದಿ. ನಿಮ್ಮಪ್ಪಗ ಸೈಕಲ್ ಇತ್ತು, ಅದರ ಮ್ಯಾಲ ಹೋಗಿ ನಿನ್ನ ನೆಟ್ಟಗ ಹಡದೆ ನಾ.” ಅಳಿಯ ತಲೆ ತಗ್ಗಿಸಿ ಕೇಳುತ್ತಿದ್ದ. ನಾನು ಬಾಜುವಿನ ಬೆಂಚಿನ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಂಡೆ. ಒಂಬತ್ತು ದಿನವೂ ಕೇಳಿಸಿಕೊಂಡೆ.

ಹತ್ತನೆಯ ದಿನ ಅಳಿಯ ನನ್ನನ್ನು ಗಾಡಿ ಎಳೆಸಿ ಇಟ್ಟಿದ್ದ ಬೆಳಗಾವಿಯ ಮೆಕ್ಯಾನಿಕ್‌ನ ಬಳಿ ಕರೆದೊಯ್ದ. ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಹರವಿದ್ದರು. ಒಳಗಿನ ತಟ್ಟೆಗಳೆಲ್ಲ ಸುಟ್ಟ ರೊಟ್ಟಿಯಂತಾಗಿದ್ದವು. ಮೆಕ್ಯಾನಿಕ್ ಎಣ್ಣೆ ಮೂಸಿ, “ಯಾವ ಶಾಣ್ಯಾ ಹಾಕ್ಯಾನ ಇದನ್ನ? ಇದು ಲಾರಿ ಗೇರಿನ ಎಣ್ಣಿ. ಈ ಗಾಡಿ ಎಣ್ಣಿ ಮ್ಯಾಲ ಗೇರ್ ಹಾಕತೈತಿ, ತೆಳ್ಳಂದ ಬೇಕ. ಕಾಕಂಬಿ ಕುಡಿಸಿ ಓಡಂದ್ರ ಓಡತೈತೇನು?” ಅಂದ.

ಅಳಿಯನ ಮುಖ ಕೆಂಪಾಯಿತು. ಬೇಸಿಗೆಯಲ್ಲಿ ಸರ್ವಿಸ್ ಮಾಡಿಸಿದ್ದ ಬೇರೊಂದು ಗ್ಯಾರೇಜಿನವನದೇ ಈ ಕೆಲಸ ಅಂದ. ಅವನ ಅಂಗಿ ಹಿಡಿದು ಕೇಳುತ್ತೇನೆ, ಪೊಲೀಸರಿಗೆ ಕೊಡುತ್ತೇನೆ ಅಂತ ಬೈಕಿನ ಕಡೆ ನಡೆದ. ಆ ಗ್ಯಾರೇಜಿನವನನ್ನು ನಾನು ನೋಡಿದವನಲ್ಲ. ಅವನಿಗೂ ಮಕ್ಕಳಿರುತ್ತಾರೆ ಅನ್ನಿಸಿತು. ಅಳಿಯ ಕಿಕ್ ಹೊಡೆಯುವ ಮೊದಲು ಹೋಗಿ ಬೈಕಿನ ಹ್ಯಾಂಡಲ್ ಹಿಡಿದೆ.

“ಎಣ್ಣಿ ಹಾಕಿದವ ನಾನು, ಅಳಿಯಾರ. ಖಂಡೇಪೂಜಿ ಹಿಂದಿನ ದಿನ.”

ಅವನು ನನ್ನನ್ನು ಬೈಯಲಿಲ್ಲ. ನನ್ನ ಕೈಯನ್ನೇ ನೋಡಿದ. ಆಮೇಲೆ ಹ್ಯಾಂಡಲಿನಿಂದ ಅದನ್ನು ಬಿಡಿಸಿ, ಒಬ್ಬನೇ ಹೋದ. ನಾನು ಬಸ್ಸಿನಲ್ಲಿ ದವಾಖಾನೆಗೆ ಮರಳಿದೆ.

ಮಗಳಿಗೂ ಆ ಸಂಜೆಯೇ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗದೆಯೇ ಅಂದಳು:

“ನೀ ಲಾಳಿಕಿ ಹಿಡದದ್ದ ನಾ ಕಿಡಕ್ಯಾಗಿಂದ ನೋಡಿದ್ನೆಪ್ಪಾ. ಇದಕ್ಕ ಬ್ಯಾರೆ ಎಣ್ಣಿ ಇರತೈತೇನೋ ಅಂತ ಅನಿಸಿತ್ತು. ನಮ್ಮಪ್ಪಗ ಗೊತ್ತಿರತೈತಿ ಬಿಡು ಅಂತ ಸುಮ್ನಾದೆ.”

ಈ ಮಾತಿಗಿಂತ ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಆ ದಿನ ರಸ್ತೆಯಲ್ಲಿ ನೋವು ಬಿಟ್ಟಾಗಲೆಲ್ಲ ಅವಳು ನನ್ನನ್ನು ನೋಡುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಅವಳಿಗೆ ಆಗಲೇ ತಿಳಿದಿತ್ತು.

ಬಾಣಂತನಕ್ಕೆ ಮಗಳು, ಕೂಸು ಖಾನಾಪುರಕ್ಕೆ ಬಂದರು. ಅಳಿಯ ಎರಡು ದಿನಕ್ಕೊಮ್ಮೆ ಬಂದು ಕೂಸನ್ನು ಎತ್ತಿಕೊಂಡು ಕೂರುತ್ತಿದ್ದ. ಅತ್ತೆಯ ಜೊತೆ ಮಾತಾಡುತ್ತಿದ್ದ. ನಾನು ಒಳಗೆ ಬಂದರೆ ಅವನ ಮಾತು ನಿಲ್ಲುತ್ತಿತ್ತು. ಮೂರು ತಿಂಗಳಾಯಿತು, ಕೂಸಿನ ಕುತ್ತಿಗೆ ನಿಲ್ಲಲಿಲ್ಲ. ನಾಲ್ಕಾಯಿತು, ಐದಾಯಿತು. ಎತ್ತಿದರೆ ತಲೆ ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಬೆಳಗಾವಿಯಲ್ಲಿ ವ್ಯಾಯಾಮ ಹೇಳಿಕೊಡುವ ಬಾಯಾರೊಬ್ಬರಿದ್ದಾರೆ. ದಿನಕ್ಕೆ ಐದು ಸಲ ಎದೆಯ ಮೇಲೆ ಬೋರಲು ಮಲಗಿಸಿ ತಲೆ ಎತ್ತಿಸಬೇಕು, ಒಂದು ದಿನವೂ ತಪ್ಪಿಸಬಾರದು ಅಂದರು. ಆ ಕೆಲಸ ನನಗೆ ಕೊಡಿ ಅಂತ ಕೇಳಿಕೊಂಡೆ. ಬಾಣಂತನ ಮುಗಿದ ಮೇಲೂ ಮಗಳು ಅದಕ್ಕಾಗಿಯೇ ನಮ್ಮಲ್ಲಿ ಉಳಿದಳು. ಈ ಸಲ ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡಿದೆ. ಅಂಗೈ ಎಲ್ಲಿಡಬೇಕು, ಎಷ್ಟು ಒತ್ತಬೇಕು, ಅಳುತ್ತಿದ್ದರೆ ನಿಲ್ಲಿಸಬೇಕೋ ಬೇಡವೋ. ನನ್ನ ಬುದ್ಧಿಯದು ಒಂದನ್ನೂ ಸೇರಿಸಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ ಕೂಸನ್ನು ಎದೆಯ ಮೇಲೆ ಹಾಕಿಕೊಂಡಿದ್ದೆ. ಅವಳಿಗೆ ಎಂಟನೇ ತಿಂಗಳು. ನನ್ನ ಅಂಗಿಗೆ ಜೊಲ್ಲು ಸುರಿಸುತ್ತ ಮುಲುಗುಟ್ಟಿದಳು. ತಲೆ ಅಲುಗಿತು. ಮೇಲೆದ್ದಿತು. ನಡುಗುತ್ತ ನಿಂತಿತು. ನನ್ನ ಗದ್ದ ನೋಡಿದಳು, ಮೀಸೆ ನೋಡಿದಳು, ಕಣ್ಣು ನೋಡಿದಳು. ನಾನು ಉಸಿರು ಬಿಡಲಿಲ್ಲ. ಹತ್ತು ಎಣಿಸುವ ತನಕ ಹಾಗೇ ಇದ್ದು, ಆಮೇಲೆ ಮೂಗು ಗುದ್ದಿಕೊಂಡು ಬಿದ್ದು ಅತ್ತಳು. ನಾನು ಅವಳಿಗಿಂತ ಜೋರಾಗಿ ಅತ್ತೆ. ಕುಂದಾ ಮಿಠಾಯಿ ತಂದು ಓಣಿಗೆಲ್ಲ ಹಂಚಿದೆ, ಬಸ್ಸಿನ ಕಂಡಕ್ಟರನಿಗೂ ಕೊಟ್ಟೆ.

ಸಂಜೆ ಅಳಿಯ ಬಂದ. ಮಗಳು ಕೂಸನ್ನು ಮತ್ತೆ ನನ್ನ ಎದೆಯ ಮೇಲೆ ಹಾಕಿದಳು. ಅವನ ಎದುರಿಗೂ ಮೊಮ್ಮಗಳು ತಲೆ ಎತ್ತಿದಳು, ಮೊದಲಿಗಿಂತ ಸ್ವಲ್ಪ ಕಡಿಮೆ ಹೊತ್ತು. ಅವನು ಪಕ್ಕದಲ್ಲಿ ಮೊಣಕಾಲೂರಿ ನೋಡಿದ. ಅವಳು ನಡೆಯುತ್ತಾಳೋ ಇಲ್ಲವೋ ಅಂತ ಡಾಕ್ಟರು ಇನ್ನೂ ಹೇಳಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನನ್ನ ಕಡೆ ನೋಡದೆ ಅಂದ:

“ಇನ್ನ ಕುಂದ್ರೂದ ಕಲಸ್ರಿ, ಮಾವಾರ.”

ವ್ಯಾಯಾಮದ ಬಾಯಾರನ್ನು ಕೇಳಿ, ನಿನ್ನೆಯಿಂದ ಸುತ್ತಲೂ ದಿಂಬು ಇಟ್ಟು ಕೂರಿಸುತ್ತಿದ್ದೇನೆ. ಎಡಕ್ಕೆ ವಾಲುತ್ತಾಳೆ. ಹಿಡಿದು ನೆಟ್ಟಗೆ ಮಾಡುತ್ತೇನೆ. ಮತ್ತೆ ಎಡಕ್ಕೇ ವಾಲುತ್ತಾಳೆ.