ಹೇಳದೆ ಬದಲಾದ ಪಂಚಮಿ

ಅತ್ತೆಯ ತಿಥಿಯ ದಿನ ನಾನು ಎರಡು ಹೋಳಿಗೆ ತಿಂದೆ. ತುಪ್ಪ ಹಾಕಿಸಿಕೊಂಡೇ ತಿಂದೆ. ದೇವರ ಮುಂದೆ ಆಗಲೇ ಒಪ್ಪಿಕೊಂಡಿದ್ದೇನೆ. ನಿಮ್ಮ ಮುಂದೆ ಒಪ್ಪಿಕೊಳ್ಳುವುದು ಯಾಕೋ ಇನ್ನೂ ಕಷ್ಟ.

ನಮ್ಮಲ್ಲಿ ತಿಥಿಗೆ ಪುರೋಹಿತರಿಲ್ಲ. ಪುಷ್ಯ ಬಹುಳ ಪಂಚಮಿಯಂದು ಅತ್ತೆಗೆ ಇಷ್ಟವಾದ ಅಕ್ಕಿ ಪಾಯಸ, ಕುಂಬಳಕಾಯಿ ಪಲ್ಯ ಮಾಡಿ, ಎಲೆ ಹಾಕಿ, ನಮ್ಮ ಮನೆಯವರು ಎಡೆ ಇಟ್ಟು ಕೈ ಮುಗಿಯುತ್ತಾರೆ. ದಿನ ನೋಡುವ ಕೆಲಸ ನನ್ನದು. ಅದಕ್ಕೆಂದೇ ಮೈದುನನ ಮಗಳು ಸಹನಾ, ಸೋಮವಾರಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವವಳು, ಮೊಬೈಲಿಗೆ ಪಂಚಾಂಗ ಹಾಕಿಕೊಟ್ಟಳು. "ಓಪನ್ ಸೋರ್ಸ್ ದೊಡ್ಡಮ್ಮ. ಯಾರ್ಯಾರೋ ಸೇರ್ಕೊಂಡು ಪುಕ್ಕಟೆ ಮಾಡಿರೋದು. ಜಾಹೀರಾತೂ ಬರಲ್ಲ." ಪುಣ್ಯಾತ್ಮರು ಅಂದುಕೊಂಡೆ. ಮೂರು ವರ್ಷ ಒಂದು ದಿನವೂ ತಪ್ಪಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದಾಗ ಹಳೆಯ ಪಂಚಾಂಗದ ಮೊಳೆಯನ್ನೇ ಕೀಳಿಸಿದೆ.

ಈ ವರ್ಷ ಸಂಕ್ರಾಂತಿಗೆ ಮೊದಲೇ ಪಂಚಮಿ ಬಂತು. ಕಣದ ತುಂಬ ಕಾಫಿ ಒಣಗುತ್ತಿತ್ತು. ಅತ್ತೆಯ ತಿಥಿಯ ಹೊತ್ತಿಗೆ ಕಣ ಗುಡಿಸಿ ಆಗಿರುತ್ತಿತ್ತಲ್ಲ ಎಂದರೆ, ಮನೆಯವರು, "ಅಧಿಕಮಾಸ ಗಿಧಿಕಮಾಸ ಇರ್ಬೇಕು ಬಿಡೇ. ಮೊಬೈಲಿಗಿಂತ ನೀನು ದೊಡ್ಡೋಳಾ?" ಎಂದರು. ಎಡೆ ಇಟ್ಟೆವು.

ತಿಂಗಳ ಮೇಲೆ ತಂಗಿಯ ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೆ ಮನೆಗೆ ಬೀಗ ಹಾಕಿ ಇಬ್ಬರೂ ಕೊಡ್ಲಿಪೇಟೆಗೆ ಹೋದೆವು. ಉಂಡು, ಕೈ ತೊಳೆದು ತಲೆ ಎತ್ತಿದರೆ ಗೋಡೆಯ ಮೇಲೆ ಕ್ಯಾಲೆಂಡರು: ಪುಷ್ಯ ಬಹುಳ ಪಂಚಮಿ. ಇಂದು. ಬೆರಳಲ್ಲಿ ತುಪ್ಪದ ಜಿಡ್ಡು ಇನ್ನೂ ಹೋಗಿರಲಿಲ್ಲ. ಮನೆಯವರು ತಿಂದದ್ದು ಒಂದೇ ಹೋಳಿಗೆ, ಅವರಿಗೆ ಸಕ್ಕರೆ ಕಾಯಿಲೆ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಸಹನಾ ಮೊಬೈಲ್ ನೋಡಿ, "ಅಯ್ಯೋ ದೊಡ್ಡಮ್ಮ, ತಿಂಗಳ ಲೆಕ್ಕಾನೇ ಬದಲಾಯಿಸಿದಾರೆ" ಎಂದಳು. ನಮ್ಮ ಕಡೆ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ, ಉತ್ತರದವರಿಗೆ ಹುಣ್ಣಿಮೆಗೆ. ಹಾಗಾಗಿ ಅವರ ಪುಷ್ಯ ಬಹುಳ ನಮಗಿಂತ ಒಂದು ತಿಂಗಳು ಮೊದಲು. ಎರಡೂ ಸರಿಯೇ, ಶಾಸ್ತ್ರದಲ್ಲಿ ಜಗಳವಿಲ್ಲ. ನಾವಾಗಿ ಏನನ್ನೂ ಆರಿಸದೆ ಇದ್ದರೆ ಯಾವ ಲೆಕ್ಕ ನಡೆಯಬೇಕು ಎನ್ನುವುದಕ್ಕೆ ಡೀಫಾಲ್ಟ್ ಎನ್ನುತ್ತಾರಂತೆ. ಡಿಸೆಂಬರಿನ ಅಪ್‌ಡೇಟಿನಲ್ಲಿ ಅದು ಉತ್ತರಕ್ಕೆ ತಿರುಗಿತ್ತು.

"ಒಂದ್ ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದಾರಲ್ಲ. ಇಲ್ನೋಡಿ, ಇಂಗ್ಲಿಷಲ್ಲಿ, ಹದಿನೇಳನೇ ಸಾಲು. ಬದಲಾಯಿಸಿ ಆದ್ಮೇಲೆ."

ನಮ್ಮತ್ತೆ ಅಡುಗೆಮನೆಯ ಉಪ್ಪಿನ ಭರಣಿ ಸರಿಸುವುದಿದ್ದರೂ ವಾರ ಮೊದಲೇ ಹೇಳುತ್ತಿದ್ದರು. "ಸೋಮವಾರದಿಂದ ಉಪ್ಪು ಎಡಗಡೆ ಕಣೇ. ಸಕ್ಕರೆ ಅಂತ ಕಾಫಿಗೆ ಹಾಕೀಯ." ಸೋಮವಾರ ನಾನು ಕೈ ಚಾಚುವ ಹೊತ್ತಿಗೆ ಭರಣಿಯ ಪಕ್ಕದಲ್ಲೇ ನಿಂತು ಇನ್ನೊಮ್ಮೆ ಹೇಳುವರು. ನಾನು ಸೆರಗಿನಲ್ಲಿ ನಗುತ್ತಿದ್ದೆ. ಕೈ ಹೋಗುವ ಜಾಗದಲ್ಲಿ ನಿಂತು ಹೇಳಿದರೆ ಮಾತ್ರ ಹೇಳಿದಂತೆ ಎಂದು ಈಗ ಅರ್ಥವಾಗುತ್ತಿದೆ, ಅರ್ಥವಾಗಿ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಆ ಪುಣ್ಯಾತ್ಮರಿಗೆ ಚೆನ್ನಾಗಿ ಬೈದು ಬರೆಸೋಣ ಎಂದು ಸಹನಾಳನ್ನು ಕೂರಿಸಿಕೊಂಡೆ. ಬೈಗಳ ಬದಲು ನೆನಪಿಗೆ ಬಂದದ್ದು ನಮ್ಮ ಹಿತ್ತಲಿನ ಗೇಟು. ನೆರೆಯ ಜಮೀಲಾ ಮಾದಾಪುರದ ಬಸ್ಸಿಗೆ ನಮ್ಮ ಹಿತ್ತಲಿಂದಲೇ ಹಾಯ್ದು ಹೋಗುತ್ತಿದ್ದಳು. ಹಸು ನುಗ್ಗಿ ಸೊಪ್ಪಿನ ಮಡಿ ತಿಂದಿತೆಂದು ಹೋದ ವರ್ಷ ನಾನು ಗೇಟಿಗೆ ಬೀಗ ಜಡಿದೆ. "ಅಕ್ಕಾ, ನಿನ್ನೆನೇ ಒಂದ್ ಮಾತ್ ಹೇಳಿದ್ರೆ ಸುತ್ತು ಹಾಕ್ಕೊಂಡಾದ್ರೂ ಹೋಗ್ತಿದ್ದೆ. ಬಸ್ ಹೋಯ್ತಲ್ಲ!" ಎಂದಳು. ಅವಳಂದು ಆಸ್ಪತ್ರೆಗೆ ಹೊರಟವಳು. "ದಾರಿ ನಮ್ದಲ್ವೇನೇ?" ಎಂದಿದ್ದೆ ನಾನು. ಪುಕ್ಕಟೆ ಕೊಟ್ಟವರ ದರ್ಪ ಎಂಥದೆಂದು ನನಗೆ ಯಾರೂ ಕಲಿಸಬೇಕಿಲ್ಲ. ಬೈಗಳನ್ನು ಬಿಟ್ಟು, ನಡೆದದ್ದನ್ನಷ್ಟೇ ಬರೆಸಿದೆ.

ಉತ್ತರವೂ ಬಂತು. ಕ್ಷಮಿಸಿ ಅಮ್ಮ, ಇನ್ನು ಮುಂದೆ ಬದಲಾಯಿಸುವ ಮೊದಲು ತೆರೆಯ ಮೇಲೇ ತಿಳಿಸುತ್ತೇವೆ, ನೀವು ಒಪ್ಪುವ ತನಕ ಹಳೆಯದೇ ಇರುತ್ತದೆ ಎಂದು. ಒಳ್ಳೆಯ ಮಕ್ಕಳು. ಮುಂದಿನ ವರ್ಷ ಯಾರದೋ ಮನೆಯ ಎಲೆ ತಪ್ಪದೆ ಉಳಿಯುತ್ತದೆ. ಗೇಟಿನ ಇನ್ನೊಂದು ಬೀಗದ ಕೈಯನ್ನು ಜಮೀಲಾಗೆ ಕೊಟ್ಟು ಬಂದೆ.

ಮಹಾಲಯಕ್ಕೆ ಎಡೆ ಇಟ್ಟರಾಯಿತು ಬಿಡು ಎನ್ನುತ್ತಾರೆ ಮನೆಯವರು. ಇಡೋಣ. ಆದರೆ ನಾವು ಕೊಡ್ಲಿಪೇಟೆಯಲ್ಲಿ ಉಣ್ಣುತ್ತಿದ್ದ ಆ ಮಧ್ಯಾಹ್ನ ಅತ್ತೆ ತಮ್ಮ ಹಳೆಯ ಲೆಕ್ಕದಂತೆ ಬಂದೇ ಇರುತ್ತಾರೆ. ಕಣ ಗುಡಿಸಿ ಆಗಿದೆ, ಬಾಗಿಲಿಗೆ ಬೀಗ, ಎಲೆಯಿಲ್ಲ. ಉಪ್ಪಿನ ಭರಣಿಗೂ ವಾರ ಮೊದಲು ಹೇಳುತ್ತಿದ್ದ ಹೆಂಗಸಿಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.