ಅತ್ತೆ ಆರಿಸಿದ ಜಾಕೆಟ್

ನಾನು ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ಡಾಕ್ಟರ್ ಅಲ್ಲ. ಆದರೆ ಸೂಜಿ ಹಿಡಿದು ದನದ ಹಟ್ಟಿಗೆ ಬಂದ ಹೆಂಗಸನ್ನು ಜನ ‘ಡಾಕ್ಟ್ರಮ್ಮ’ ಎಂದೇ ಕರೆಯುತ್ತಾರೆ; ನಾನೂ ತಿದ್ದುವುದನ್ನು ಬಿಟ್ಟು ಬಹಳ ವರ್ಷಗಳಾದವು. ಮನೆ ಕುಂದಾಪುರದ ಕೋಡಿಯಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಕೆಲಸ ಕೆರಾಡಿಯ ಕಡೆ, ಕಾಡಂಚಿನಲ್ಲಿ. ಗಂಡ ಬೋಟಿಗೆ ಹೋಗುವವರು. ಅವರು ನೀರಿನ ಮೇಲಿದ್ದಾಗ ಬೈಕ್ ನನ್ನದು ಎಂದು ಶುರುವಾದದ್ದು, ಕೊನೆಗೆ ಅದು ಪೂರ್ತಿ ನನ್ನದೇ ಆಗಿಹೋಯಿತು.

ಮಳೆಗಾಲ ಬಂತೆಂದರೆ ಪ್ಲಾಸ್ಟಿಕ್ ರೈನ್‌ಕೋಟಿನೊಳಗೆ ನನ್ನ ಗತಿ ಹೇಳತೀರದು. ಹೊರಗಿನ ನೀರು ಒಳಗೆ ಬಾರದಿದ್ದರೂ ಒಳಗಿನ ಬೆವರು ಹೊರಗೆ ಹೋಗದೆ, ಹಟ್ಟಿ ಮುಟ್ಟುವಾಗ ಕೆರೆಯಲ್ಲಿ ಮುಳುಗಿ ಎದ್ದವಳ ಹಾಗೆ ಇರುತ್ತಿದ್ದೆ. ಬೇಸಗೆಯಲ್ಲಿ ಇನ್ನೊಂದು ಕಷ್ಟ. ಬಿಸಿಲಿಗೆ ತೋಳು ಸುಟ್ಟು, ಮೊಣಕೈಯಿಂದ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ಆ ವರ್ಷ ಮೇ ತಿಂಗಳಲ್ಲಿ ಗಟ್ಟಿ ಮನಸ್ಸು ಮಾಡಿದೆ: ಮಳೆಗೂ ಬಿಸಿಲಿಗೂ ಆಗುವ, ಬಿದ್ದರೆ ಮೂಳೆ ಉಳಿಸುವ, ಬಟ್ಟೆಯ ರೈಡಿಂಗ್ ಜಾಕೆಟ್ ಒಂದು ಬೇಕು. ಏಳು ಸಾವಿರ ದಾಟಬಾರದು.

ಒಂದು ವಾರ ಫೋನಿನಲ್ಲಿ ವಿಡಿಯೊ ನೋಡಿದೆ. ಒಬ್ಬ ಒಳ್ಳೆಯದೆಂದದ್ದನ್ನು ಇನ್ನೊಬ್ಬ ಕಸ ಎನ್ನುತ್ತಿದ್ದ. ಪಕ್ಕದಲ್ಲಿ ಕೂತು ಬಂಗುಡೆ ಹೆಚ್ಚುತ್ತಿದ್ದ ಅತ್ತೆಗೆ ಸಾಕಾಯಿತು. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು ಅವರು. ಎಂಥ ಮೀನನ್ನೂ ಮುಟ್ಟಿ ನೋಡದೆ ಮಾತಾಡಿದವರಲ್ಲ.

“ಬಟ್ಟಿನ ಮೊಬೈಲಗೆ ಕಂಡ್ರೆ ಎಂತ ಗೊತ್ತಾತ್ತ್ ಮಗಾ? ಕೈಯಗೆ ಹಿಡ್ದ್ ಕಾಣ್ಕ್. ನಾಳೆ ಹೋಪ, ನಾನೂ ಬತ್ತೆ.”

ಮಾರನೆಯ ದಿನ ಭಾನುವಾರ. ಅತ್ತೆ ಸೀರೆ ಎತ್ತಿ ಕಟ್ಟಿ, ಹೆಲ್ಮೆಟ್ ಹಾಕಿ ಹಿಂದೆ ಕೂತರು. ಕುಂಭಾಶಿ ದಾಟುವಾಗ ಆನೆಗುಡ್ಡೆಯ ದೇವಸ್ಥಾನದ ಕಡೆಗೆ ಒಂದೇ ಕೈ ಎತ್ತಿ ಮುಗಿದರು, ಇನ್ನೊಂದು ಕೈ ನನ್ನ ಸೊಂಟದ ಮೇಲೇ ಇತ್ತು. ಬ್ರಹ್ಮಾವರದಲ್ಲಿ ಹೆದ್ದಾರಿ ಪಕ್ಕದ ಅಂಗಡಿ ಮುಟ್ಟಿದಾಗ ಹತ್ತು ಗಂಟೆ.

ಅಂಗಡಿಯ ಯಜಮಾನರು ಮಧ್ಯವಯಸ್ಸಿನವರು, ಮೃದು ಮಾತು. ಮೂರು ಜಾಕೆಟ್ ತಂದು ಮೇಜಿನ ಮೇಲೆ ಹಾಸಿದರು. ಮೊದಲನೆಯದು ಅಗ್ಗ. ಅತ್ತೆ ಮೊಣಕೈಯಲ್ಲಿದ್ದ ಪ್ಯಾಡನ್ನು ಎರಡು ಬೆರಳಲ್ಲಿ ಹಿಚುಕಿದರು. ಅದು ಸ್ಪಂಜಿನ ಹಾಗೆ ಚಪ್ಪಟೆಯಾಯಿತು.

“ಇದ್ ಎಂತಕ್ಕೆ? ಪಾತ್ರೆ ತಿಕ್ಕೂಕಾ?”

ಯಜಮಾನರು ನಗುತ್ತಾ ಅದನ್ನು ಬದಿಗಿಟ್ಟರು. ಎರಡನೆಯದು ಎಲ್ಲಕ್ಕಿಂತ ದುಬಾರಿ, ಹೊರಗಿನ ಬಟ್ಟೆಯೇ ನೀರು ತಡೆಯುವಂಥದ್ದು. ನನ್ನ ಕಣ್ಣು ಅದರ ಮೇಲೆಯೇ ಇತ್ತು. ಹಾಕಿಕೊಂಡು ಎರಡು ನಿಮಿಷವಾಗಿರಲಿಲ್ಲ, ಫ್ಯಾನಿನ ಕೆಳಗೇ ಬೆನ್ನು ಬೆವೆತಿತು. ಅತ್ತೆ ನನ್ನ ಹಣೆ ನೋಡಿಯೇ ತೀರ್ಪು ಕೊಟ್ಟರು: “ಬೇಸಗಿಲಿ ಇದ್ರೊಳಗೆ ಮನುಷ್ಯರ್ ಬೆಂದ್ ಹೋತ್ರ್.” ಬೆಲೆ ಕೇಳಿದ ಮೇಲೆ ನನಗೂ ಅದೇ ಸರಿ ಕಂಡಿತು.

ಮೂರನೆಯದಕ್ಕೆ ಎದೆಯಲ್ಲೂ ಬೆನ್ನಲ್ಲೂ ಗಾಳಿಯಾಡುವ ಜಾಲರಿ, ಒಳಗೆ ಬೇಕೆಂದಾಗ ಜಿಪ್ ಹಾಕಿ ಸೇರಿಸುವ ಮಳೆಯ ಪದರ. ಅತ್ತೆ ಆ ಪದರವನ್ನು ಬಿಚ್ಚಿಸಿದರು. ಅದರ ತೋಳಿನ ತುದಿಯನ್ನು ತಿರುಚಿ ಮುಷ್ಟಿಯಲ್ಲಿ ಹಿಡಿದು, ನನ್ನ ಬಾಟಲಿಯ ನೀರನ್ನೆಲ್ಲ ಮೇಲಿನಿಂದ ತೋಳಿನೊಳಗೆ ಹೊಯ್ದುಬಿಟ್ಟರು.

“ಅಮ್ಮಾ! ಎಂತ ಮಾಡ್ತೀರಿ?” ಯಜಮಾನರು ಎದ್ದು ನಿಂತರು.

“ಚೀಲ ಸೋರ್ತಾ ಇಲ್ಯಾ ಅಂದೇಳಿ ಕಾಂಬುದ್ ಹೀಂಗೇ. ಹೆದ್ರ್‌ಬೇಡಿ, ಸೋರದಿರೆ ಇದನ್ನೇ ತಕಂಬ.”

ಮೂವರೂ ಕಾದೆವು. ಒಂದು ನಿಮಿಷದಲ್ಲಿ ಹೊಲಿಗೆಯ ಉದ್ದಕ್ಕೂ ಸಣ್ಣ ಹನಿಗಳು ಮೂಡಿ, ಒಂದೊಂದಾಗಿ ನೆಲಕ್ಕೆ ಬಿದ್ದವು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಯಜಮಾನರು ಆ ಹನಿಗಳನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಜಾಕೆಟ್ ತಂದು, ಅದರ ಪದರವನ್ನು ತಾವೇ ಬಿಚ್ಚಿ, ತಾವೇ ನೀರು ತುಂಬಿದರು. ಹೊಲಿಗೆಯ ಮೇಲೆಲ್ಲ ಒಳಗಿನಿಂದ ಟೇಪ್ ಅಂಟಿಸಿತ್ತು. ಒಂದು ಹನಿಯೂ ಹೊರಬರಲಿಲ್ಲ.

“ಇದು ಒಳ್ಳೇದುಂಟು” ಎಂದರು ಅವರು. “ಆದ್ರೆ ಒಂದು ವಿಷಯ ಹೇಳ್ತೇನೆ. ಪದರ ಒಳಗಿರುವುದ್ರಿಂದ ಮೈ ಒಣಗಿರ್ತದೆ, ಹೊರಗಿನ ಬಟ್ಟೆ ಒದ್ದೆಯಾಗಿ ಭಾರ ಆಗ್ತದೆ. ರಾತ್ರಿ ಒಣಗ್ಸಿದ್ರೆ ಬೆಳಿಗ್ಗೆಗೆ ಪೂರ್ತಿ ಒಣಗುದಿಲ್ಲ.”

“ಒಲಿ ಮೇಲೆ ಹಗ್ಗ ಇತ್ತ್” ಎಂದರು ಅತ್ತೆ. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಹೆಂಗಸರ ಅಳತೆ ಅಂಗಡಿಯಲ್ಲಿ ಇರಲಿಲ್ಲ. ಗಂಡಸರ ಸಣ್ಣ ಅಳತೆ ಹಾಕಿಕೊಂಡು, ಹೊರಗೆ ನಿಂತ ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿದು ನೋಡಿದೆ. ತೋಳು ಮಣಿಕಟ್ಟಿನವರೆಗೆ ಸರಿಯಾಗಿ ಬಂತು. ಮೊಣಕೈಯ ಪ್ಯಾಡ್ ಮಾತ್ರ ಜಾರುತ್ತಿತ್ತು. ತೋಳಿನ ಪಟ್ಟಿ ಬಿಗಿದ ಮೇಲೆ ಕೂತಲ್ಲೇ ಕೂತಿತು. ಅತ್ತೆ ಜಿಪ್ಪನ್ನು ಉಗುರಿನಿಂದ ಕೆರೆದು, ಲೋಹದ್ದಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೋಡಿಯ ಉಪ್ಪುಗಾಳಿಯಲ್ಲಿ ಲೋಹದ ಜಿಪ್ ಒಂದು ಮಳೆಗಾಲವೂ ಬಾಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ವಿಡಿಯೊದವರು ಯಾರೂ ಅದನ್ನು ಹೇಳಿರಲಿಲ್ಲ. ಕಡೆಗೆ ಕೇಳಿದರು:

“ದನದ ಹತ್ರ ಹೋರೆ ಬಿಚ್ಚೂಕೆ ಎಷ್ಟ್ ಹೊತ್ತ್ ಬೇಕ್? ಬಿಚ್ಚ್ ಕಾಂಬ.”

ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರೆಲ್ಲ ನೋಡುತ್ತಿದ್ದಂತೆ ಮೂರು ಸಲ ಹಾಕಿ ಬಿಚ್ಚಿದೆ. ಕಪ್ಪು ಬೇಡವೆಂದು, ಬೂದು ಬಣ್ಣಕ್ಕೆ ಹಳದಿ ಪಟ್ಟಿ ಇದ್ದದ್ದನ್ನು ಅವರೇ ಆರಿಸಿದರು. ಬೆಲೆಯೂ ಏಳು ಸಾವಿರ ದಾಟಲಿಲ್ಲ. ಸೋರಿದ ನೀರನ್ನು ಒರೆಸಲು ಯಜಮಾನರ ಹತ್ತಿರ ಬಟ್ಟೆ ಕೇಳಿ, ನೆಲ ಒರೆಸಿಯೇ ಹೊರಟರು.

ಜೂನ್ ಎರಡನೆಯ ವಾರ, ಕೆರಾಡಿಯಿಂದ ಫೋನ್ ಬಂತು. ದನದ ಹೆರಿಗೆ, ಕರು ಅಡ್ಡ ಬಂದಿದೆ, ಬೇಗ ಬನ್ನಿ. ಧಾರಾಕಾರ ಮಳೆ. ಮೈ ಬೆಚ್ಚಗೆ, ಒಣಗಿ ಇತ್ತು; ಆ ಖುಷಿಯಲ್ಲೇ ಸ್ವಲ್ಪ ಜೋರಾಗಿ ಹೋದೆನೋ ಏನೋ. ಒಂದು ಮೋರಿಯ ತಿರುವಿನಲ್ಲಿ ಕೆಂಪು ಕೆಸರಿಗೆ ಚಕ್ರ ಜಾರಿ, ಬೈಕ್ ಒಂದು ಕಡೆ, ನಾನು ಒಂದು ಕಡೆ. ಎಡ ಮೊಣಕೈ ಊರಿ ನಾಲ್ಕಾರು ಅಡಿ ಉಜ್ಜಿಕೊಂಡು ಹೋದೆ. ಎದ್ದು ಕೈ ಮಡಚಿ ನೋಡಿದರೆ ಏನೂ ಆಗಿರಲಿಲ್ಲ, ಬಟ್ಟೆ ಮಾತ್ರ ತರಚಿತ್ತು. ಮೊಣಕಾಲು ಉರಿಯುತ್ತಿತ್ತು, ಚೂಡಿದಾರ ಹರಿದು ರಕ್ತ ಬಂದಿತ್ತು. ಕರವಸ್ತ್ರ ಕಟ್ಟಿ, ಬೈಕ್ ಎತ್ತಿ ಹೊರಟೆ.

ಹಟ್ಟಿಗೆ ನಮ್ಮ ಆಸ್ಪತ್ರೆಯ ಡಾಕ್ಟರು ನನಗಿಂತ ಮೊದಲೇ ಮುಟ್ಟಿದ್ದರು. ಇಬ್ಬರೂ ಸೇರಿ ಮುಕ್ಕಾಲು ಗಂಟೆ ಒದ್ದಾಡಿದ ಮೇಲೆ ಕರು ಹೊರಬಂತು. ಮೂಗು ಒರೆಸಿದ ಕೂಡಲೇ ಸೀನಿತು. ಮನೆಯೊಡತಿ ನಕ್ಕುಬಿಟ್ಟರು, ಕಣ್ಣಲ್ಲಿ ನೀರೂ ಇತ್ತು. ತಿರುಗಿ ನೋಡುತ್ತೇನೆ, ಕಂಬಕ್ಕೆ ನೇತುಹಾಕಿದ ನನ್ನ ಜಾಕೆಟಿನ ತೋಳನ್ನು ಪಕ್ಕದ ಎಮ್ಮೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಜಗಿಯುತ್ತಿದೆ! ಎಳೆದು ತೆಗೆದರೆ ಜೊಲ್ಲು ಬಿಟ್ಟು ಬೇರೇನೂ ನಷ್ಟವಿಲ್ಲ.

ಮನೆಯಲ್ಲಿ ಅತ್ತೆ ಮೊದಲು ಜಾಕೆಟಿನ ತರಚಿದ ಮೊಣಕೈಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಮೊಣಕಾಲು ಕಂಡು ಸಿಟ್ಟಾದರು.

“ಕೈಗ್ ಮಾತ್ರ ತಕಂಡ್ಯಲ್ದಾ! ಕಾಲ್ ನಿನ್ನದ್ ಅಲ್ದಾ?”

ಬ್ರಹ್ಮಾವರದ ಅಂಗಡಿಯಲ್ಲಿ ರೈಡಿಂಗ್ ಪ್ಯಾಂಟ್ ಮುಗಿದಿತ್ತು. ವಿಚಾರಿಸಿದಾಗ ಬೈಂದೂರಿನ ಒಂದು ಅಂಗಡಿಯಲ್ಲಿ, ಚೂಡಿದಾರದ ಮೇಲೆಯೇ ಹಾಕಬಹುದಾದ, ಬದಿಯಲ್ಲಿ ಉದ್ದಕ್ಕೂ ಜಿಪ್ ಇರುವ ಪ್ಯಾಂಟ್ ಇದೆ ಎಂದು ಗೊತ್ತಾಯಿತು. ಮತ್ತೆ ಇಬ್ಬರೂ ಹೋಗಿ ಕೊಂಡೆವು. ಅಲ್ಲಿ ಅತ್ತೆ ನೀರು ಕೇಳಿದ್ದು ಕುಡಿಯಲಿಕ್ಕೆ ಮಾತ್ರ.

ವಾಪಸು ಬರುವಾಗ ಮರವಂತೆಯಲ್ಲಿ ಕಡಲ ಕಡೆಯಿಂದ ಮಳೆ ಅಡ್ಡ ಹೊಡೆಯಿತು. ಬೈಕ್ ನಿಲ್ಲಿಸಿ ಜಾಕೆಟ್ ಬಿಚ್ಚಿ ಅತ್ತೆಗೆ ಹಾಕಿದೆ. ಬೇಡ ಬೇಡ ಎನ್ನುತ್ತಲೇ ತೋಳು ತೂರಿಸಿದರು. ಕುಂದಾಪುರದ ಮೀನು ಮಾರ್ಕೆಟಿನ ಎದುರು ಅವರ ಹಳೆಯ ಗೆಳತಿಯೊಬ್ಬರು ಸೀರೆಯ ಮೇಲಿನ ಆ ವೇಷ ಕಂಡು ಕೂಗಿದರು:

“ಹ್ವಾಯ್! ಪೊಲೀಸ್ ಕೆಲ್ಸ ಸಿಕ್ತಾ?”

“ಹೌದ್! ನಿನ್ ಹಿಡೂಕೇ ಬಂದದ್ದ್!” ಎಂದರು ಅತ್ತೆ. ಆಮೇಲೆ ನನ್ನ ಭುಜ ತಟ್ಟಿ, ಮಾರ್ಕೆಟಿನ ಎದುರು ಇನ್ನೊಂದು ಸುತ್ತು ಹಾಕಲು ಹೇಳಿದರು. ಮೈಯಿಂದ ನೀರು ಇಳಿಯುತ್ತಿದ್ದರೂ ನಾನು ಬೈಕ್ ತಿರುಗಿಸಿದೆ.