ಅಂಜನಾಬಾಯಿ ಹೊತ್ತ ಊರು

ಕುರಿ ಸಾಕಿದವರಿಗೆ ರಜೆ ಎಂಬುದಿಲ್ಲ. ಹಬ್ಬವಿರಲಿ, ಮದುವೆಯಿರಲಿ, ಮೈಗೆ ಜ್ವರ ಬಂದಿರಲಿ, ಬೆಳಗಾದರೆ ದೊಡ್ಡಿಯ ಬಾಗಿಲು ತೆಗೆಯಲೇಬೇಕು. ಸಂತಪುರದ ಅಂಜನಾಬಾಯಿ ಮೂವತ್ತಮೂರು ವರ್ಷ ಹೀಗೆ ಬಾಗಿಲು ತೆಗೆದಳು. ಅರವತ್ತು ತುಂಬಿದ ಮೇಲೆ ಮೊಣಕಾಲುಗಳು ಸೋತವು. ಈ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ತನ್ನ ಕುರಿಗಳನ್ನು ತಮ್ಮನ ಹಿಂಡಿಗೆ ಸೇರಿಸಿ ಮನೆಯಲ್ಲಿ ಕೂತಳು. ಕೂತವಳಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವಳ ಒಬ್ಬಳೇ ಮಗಳು ಸಿದ್ದೇಶ್ವರಿ ಭಾಲ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಸರಾ ರಜೆಯಲ್ಲಿ ತಾಯಿಯನ್ನು ಭಾಲ್ಕಿಗೆ ಕರೆಸಿಕೊಂಡವಳು, ಬೀದರಿಗೆ ಎರಡು ದಿನ ಹೋಗಿ ಬರೋಣವೆಂದು ಹಟ ಹಿಡಿದಳು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಅಭ್ಯಾಸವಿದ್ದ ಕೈ. ನೋಟಬುಕ್ಕಿನ ಕೊನೆಯ ಹಾಳೆಯಲ್ಲಿ ಗಂಟೆಯ ಸಮೇತ ಬರೆದಳು: ಮೊದಲ ದಿನ ಕೋಟೆ, ಗವಾನನ ಮದರಸಾ, ಮರುದಿನ ಗುರುದ್ವಾರ, ಝರಣಿ ನರಸಿಂಹ, ಸಂಜೆಗೆ ಅಷ್ಟೂರಿನ ಗುಮ್ಮಟ. ಬರೆದದ್ದನ್ನು ಓದಿ ಹೇಳಿದಳು.

ಅಂಜನಾಬಾಯಿ ಕಡೆಯವರೆಗೂ ಕೇಳಿದಳು.

“ಇವೆಲ್ಲಾ ಛಲೋನೇ ಅವ, ಸಿದ್ದಿ. ಆದ್ರ ನಾ ಬರೋದಿದ್ರ ನನ್ನ ಜಾಗಾ ಬ್ಯಾರೆ ಅವ.”

“ನಿನ್ನ ಜಾಗಾ? ಬೀದರದಾಗ?”

“ಹೂಂ. ನಾ ಇಟ್ಟಂಗಿ ಹೊತ್ತ ಜಾಗಾ. ನೀರಿನ ಟಾಕಿ ಒಂದು, ಹೆಣ್ಮಕ್ಕಳ ಸಾಲಿ ಒಂದು. ಆಮ್ಯಾಲ...” ಮಗಳ ನೋಟಬುಕ್ಕಿನ ಕಡೆ ನೋಡಿದಳು. “ಆಮ್ಯಾಲ ಮೈಲೂರದಾಗ ಒಂದು ಮನಿ. ನಿಮ್ಮಪ್ಪ ಬಿದ್ದ ಮನಿ.”

ಸಿದ್ದೇಶ್ವರಿಯ ಪೆನ್ನು ನಿಂತಿತು. ಅಪ್ಪ ಬೀದರಿನಲ್ಲಿ ಕೆಲಸದ ಮೇಲಿದ್ದಾಗ ಬಿದ್ದು ತೀರಿಕೊಂಡನೆಂಬುದು ಅವಳಿಗೆ ಗೊತ್ತಿತ್ತು. ಎಲ್ಲಿ, ಹೇಗೆ ಎಂಬುದನ್ನು ತಾಯಿ ಎಂದೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಎರಡು ಸಲ ಕೇಳಿದ್ದಳು. ಎರಡೂ ಸಲ ತಾಯಿ ಎದ್ದು ಕುರಿಗಳ ಕಡೆ ಹೋಗಿಬಿಟ್ಟಿದ್ದಳು. ಮೂರನೆಯ ಸಲ ಅವಳು ಕೇಳಿರಲಿಲ್ಲ. ಆಮೇಲೆ ತರಬೇತಿಗೆ, ದವಾಖಾನೆಗೆ, ಸೀರೆ ಕೊಳ್ಳಲಿಕ್ಕೆಂದು ನೂರಾರು ಸಲ ಬೀದರಿಗೆ ಹೋಗಿ ಬಂದಿದ್ದಳು. ಅಲ್ಲಿನ ಮೈಲೂರು ಬಡಾವಣೆಯ ಮೇಲೆಯೇ ಹಾದು ಹೋಗಿದ್ದಳು.

ಬರೆದ ಹಾಳೆಯನ್ನು ಹರಿದು ಪಕ್ಕಕ್ಕಿಟ್ಟು, “ಹೇಳು” ಎಂದಳು.

ಹೇಳುವುದು ಸುಲಭವಿರಲಿಲ್ಲ. ಅಂಜನಾಬಾಯಿ ಮನ್ನಳ್ಳಿಯ ವೈಜಿನಾಥನ ಕೈಹಿಡಿದಾಗ ಅವಳಿಗೆ ಹದಿನೆಂಟು. ಗಂಡನಿಗೆ ಎರಡೆಕರೆ ಕಲ್ಲುನೆಲ. ಇಬ್ಬರೂ ಬೀದರಿಗೆ ಬಂದು ಗುಡಿಸಲು ಹಾಕಿಕೊಂಡು ಗಾರೆ ಕೆಲಸದ ಗೌಂಡಿಗಳ ಕೈಕೆಳಗೆ ದುಡಿದರು. ಗಂಡ ತೀರಿಕೊಂಡು ತವರು ಸಂತಪುರಕ್ಕೆ ಮರಳುವವರೆಗೆ, ಒಂಬತ್ತು ವರ್ಷ, ಅವಳ ತಲೆಯ ಮೇಲಿನಿಂದ ಬುಟ್ಟಿ ಇಳಿಯಲಿಲ್ಲ. ಆಗ ಅವಳು ಗುರುತಿಟ್ಟುಕೊಂಡದ್ದು ಹುಣಸೆ ಮರ, ಕಟ್ಟಿಗೆ ಅಡ್ಡೆ, ಕೆಂಪು ಮಣ್ಣಿನ ಖಾಲಿ ಜಾಗ. ಈಗ ಅವು ಯಾವುವೂ ಇರಲಿಕ್ಕಿಲ್ಲ. ಓಣಿಯ ಹೆಸರು, ಮನೆಯ ಸಂಖ್ಯೆ ಆಗಲೂ ಅವಳಿಗೆ ಗೊತ್ತಿರಲಿಲ್ಲ.

“ಬಾಬುಮಿಯಾಗ ಗೊತ್ತಿರ್ತದ” ಎಂದಳು ಅಂಜನಾಬಾಯಿ. “ನಮ್ಮ ಗೌಂಡಿ. ಔರಾದದಾಗ ಇದ್ದಾನಂತ, ಸಂತಿಯಾಗ ಯಾರೋ ಅಂದಿದ್ರು.”

ಹೀಗೆ ಬೀದರಿನ ಪ್ರವಾಸ ಔರಾದದಿಂದ ಶುರುವಾಯಿತು.

ಬಾಬುಮಿಯಾನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಎಂಬತ್ತರ ಹತ್ತಿರದ ಮುದುಕ, ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಸೊಸೆ ಇರಮ ಚಹಾ ತಂದಿಟ್ಟು ಒಳಗೆ ಹೋದಳು. ಅಂಜನಾಬಾಯಿಯ ಗುರುತು ಹಿಡಿಯಲು ಮುದುಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹಿಡಿದ ಮೇಲೆ ಅವನು ಅವಳ ಮುಖ ನೋಡಲಿಲ್ಲ, ಅಂಗಳದ ಕಡೆ ನೋಡಿದ.

ತಾವು ಬಂದ ಕಾರಣವನ್ನು ಸಿದ್ದೇಶ್ವರಿ ವಿವರಿಸಿದಳು. ಬಾಬುಮಿಯಾ ಒಂದೊಂದಾಗಿ ದಾರಿ ಹೇಳಿದ. ಟಾಕಿ ಯಾವ ರಸ್ತೆಯ ಮೇಲಿದೆ, ಶಾಲೆಗೆ ಈಗ ಯಾವ ಬಣ್ಣ ಬಳಿದಿದ್ದಾರೆ, ಎಲ್ಲ ಅವನ ತಲೆಯಲ್ಲಿತ್ತು. ಅವಳು ಬರೆದುಕೊಂಡಳು. ಮೈಲೂರಿನ ಮನೆಯ ಮಾತು ಬಂದಾಗ ಅವನು ಮೊದಲು ಅದರ ಮೆಟ್ಟಿಲ ಬಗ್ಗೆ ಹೇಳಿದ.

“ಆ ಮನಿ ಜೀನಾ ನಾನೇ ಕಟ್ಟೀನಿ ಬೇಟಿ. ಎಂಟನೇ ಪಾವಟಿಗಿ ಅರ್ಧ ಗೇಣು ಮ್ಯಾಲೆ ಆಗ್ಯಾದ. ಆ ದಿನ ಆದಮ್ಯಾಲೆ ನನ್ನ ಕೈ ನಡುಗ್ಲತಿತ್ತು. ಸರಿ ಮಾಡ್ಲಿಕ್ಕೆ ಆಗಲಿಲ್ಲ.”

ಚಹಾ ಆರಿ ಕೆನೆ ಕಟ್ಟಿತ್ತು. ಮುದುಕ ಕೊನೆಗೆ ಅಂಜನಾಬಾಯಿಯ ಕಡೆ ತಿರುಗಿದ.

“ಬಹೆನ್, ಆ ದಿನ ನಿಂತು ಗ್ವಾಡಿ ಕಟ್ಟೋ ಬೊಂಬಿಗಿ ಹಗ್ಗ ಕಟ್ಟಿದಾಂವ ನಾ. ವೈಜಿನಾಥ ಅಲ್ಲ. ಅವನೇ ಸರಿ ಕಟ್ಟಲಿಲ್ಲಂತ ಠೇಕೇದಾರ ಎಲ್ಲಾರಿಗಿ ಹೇಳಿದ. ನಾ ಸುಮ್ಮನಿದ್ದೆ. ನನ್ನ ಗಂಟು ಅದು.”

“ಗೊತ್ತದ ಭಾಯಿ” ಎಂದಳು ಅಂಜನಾಬಾಯಿ.

“ಗೊತ್ತದ?”

“ನಾ ಕೆಳಗ ಸಿಮೆಂಟ ಮಾಲು ಕಲಸ್ಲತಿದ್ದೆ. ನೀವು ಕಟ್ಟೋದು ನೋಡೀನಿ. ಗಂಟು ಗಟ್ಟಿನೇ ಇತ್ತು. ಹಗ್ಗ ಹಳೇದಿತ್ತು. ನಡುವ ಎಳಿ ಬಿಚ್ಚಿದ್ದು ನನ್ನ ಕಣ್ಣಿಗಿ ಬಿದ್ದಿತ್ತು. ಹೇಳಬೇಕಂದೆ. ಠೇಕೇದಾರ ಅಲ್ಲೇ ನಿಂತು ಒದರ್ಲತಿದ್ದ, ಹೊತ್ತಾಯ್ತು ಹೊತ್ತಾಯ್ತು ಅಂತ. ಬೈತಾನಂತ ಅಂಜಿ ಬಾಯಿ ಮುಚ್ಕೊಂಡೆ. ಬುಟ್ಟಿ ಎತ್ತಿ ಕೊಟ್ಟೆ. ಅವ ಮ್ಯಾಲ ಏರಿದ.”

ಸಿದ್ದೇಶ್ವರಿ ತಾಯಿಯನ್ನು ನೋಡಿದಳು. ತಾನು ಕೇಳಿದ ಎರಡೂ ಸಲ ಅವ್ವ ಏಕೆ ಎದ್ದು ಹೋಗಿದ್ದಳೆಂದು ಅವಳಿಗೆ ಆಗ ತಿಳಿಯಿತು. ಅಂಜನಾಬಾಯಿಯ ಕಣ್ಣುಗಳು ಒಣಗಿದ್ದವು. ಅಳುತ್ತಿದ್ದವನು ಬಾಬುಮಿಯಾ. ಹೆಗಲ ಮೇಲಿನ ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದ. ಅಂಜನಾಬಾಯಿ ಆರಿದ ಚಹಾವನ್ನೇ ಎತ್ತಿ ಅವನ ಕೈಗೆ ಕೊಟ್ಟಳು. “ಕುಡೀರಿ” ಎಂದಳು. ಅವನು ಕುಡಿದ.

ಮೂರು ದಿನ ಬಿಟ್ಟು ತಾಯಿ ಮಗಳು ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಹತ್ತಿರದ ಲಾಡ್ಜಿನಲ್ಲಿ ಚೀಲ ಇಟ್ಟು ಆಟೋ ಹಿಡಿದರು. ಕೋಟೆಗೇ ಎಂದು ತಾನೇ ಊಹಿಸಿಕೊಂಡಿದ್ದ ಆಟೋದವನಿಗೆ ನೀರಿನ ಟಾಕಿ ಎಂದಾಗ ಅರ್ಥವಾಗಲಿಲ್ಲ. “ಅಲ್ಲಿ ಏನದರಿ ನೋಡ್ಲಿಕ್ಕೆ?” ಎಂದು ಕೇಳಿದ. ಅಂಜನಾಬಾಯಿ ಆಟೋ ಹತ್ತಿ ಕೂತಳು.

ಟಾಕಿ ಅಲ್ಲೇ ಇತ್ತು. ಸುತ್ತಲೂ ಅಂಗಡಿಗಳು ಎದ್ದಿದ್ದರಿಂದ ಅದು ಮೊದಲಿಗಿಂತ ಗಿಡ್ಡ ಕಂಡಿತು. ಕಂಬಗಳ ಮೇಲೆ ಪಾಚಿ, ಮೇಲಿನ ಅಂಚಿನಿಂದ ಹನಿ ಹನಿ ನೀರು. ಸ್ಲ್ಯಾಬ್ ಹಾಕುವ ದಿನ ನಲವತ್ತು ಹೆಂಗಸರು ಏಣಿಯ ಉದ್ದಕ್ಕೂ ನಿಂತು ಬುಟ್ಟಿ ಕೈ ಬದಲಿಸಿದ್ದನ್ನು ಅಂಜನಾಬಾಯಿ ಹೇಳಿದಳು. ತಾನು ಮೇಲಿನಿಂದ ಎರಡನೆಯವಳು. ತನ್ನ ಮೇಲೆ ಇದ್ದವಳು ಗಂಗುಬಾಯಿ, ಅವಳೂ ಈಗಿಲ್ಲ. ಕಂಬದ ಬುಡಕ್ಕೆ ಹೋಗಿ ಅಂಗೈಯಿಟ್ಟಳು. ಆಮೇಲೆ, “ಇನ್ನೂ ನೀರು ಹಿಡಿತದ” ಎಂದಳು. ಅಷ್ಟೇ.

ಶಾಲೆಗೆ ರಜೆ. ಬೀಗ ಹಾಕಿದ ಗೇಟಿನ ಮುಂದೆ ಕಾವಲುಗಾರ ಮುಸ್ತಕೀಮ ಕುರ್ಚಿ ಹಾಕಿಕೊಂಡಿದ್ದ. ಸಿದ್ದೇಶ್ವರಿ ತಾನೂ ಶಿಕ್ಷಕಿಯೆಂದು ಗುರುತಿನ ಚೀಟಿ ತೋರಿಸಿದರೂ ಅವನು ಅಲ್ಲಾಡಲಿಲ್ಲ.

“ಈ ನೆಲದ ಫರಸಿಗಿ ಗಾರಿ ಹೊತ್ತಾಕಿ ನಾನಪ್ಪ” ಎಂದಳು ಅಂಜನಾಬಾಯಿ. “ಕಟ್ಟಿ ಮುಗದ ಮ್ಯಾಲ ಒಳಗ ಬಂದಿಲ್ಲ. ಒಂದು ಸಲ ನೋಡಿ ಹೋಗ್ತೇನಿ.”

ಮುಸ್ತಕೀಮ ಅವಳ ಕೈಗಳನ್ನು ನೋಡಿದ. ಎದ್ದು ಬೀಗ ತೆಗೆದ. “ನಮ್ಮ ಅಮ್ಮೀನೂ ಇದೇ ಕೆಲಸಾ ಮಾಡ್ಯಾಳ, ಬರ್ರಿ” ಎಂದ.

ಮೂಲೆಯ ಕೋಣೆಯೊಂದರಲ್ಲಿ ಅಂಜನಾಬಾಯಿ ಕಿಟಕಿಯ ಹತ್ತಿರ ನಿಂತಳು. ಕಿಟಕಿಗೆ ಆಗ ಬರೀ ಸರಳುಗಳಿದ್ದವು. ಆ ಸರಳಿಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ, ಎಂಟು ತಿಂಗಳ ಮಗಳನ್ನು ಮಲಗಿಸಿ ಅವಳು ಬುಟ್ಟಿ ಹೊರುತ್ತಿದ್ದಳು. ವೈಜಿನಾಥ ಗೋಡೆಯ ಮೇಲಿನಿಂದ ಆಗಾಗ ಬಗ್ಗಿ ನೋಡಿ, ಕೂಸು ಎದ್ದಿದ್ದರೆ ಸಿಳ್ಳೆ ಹಾಕುತ್ತಿದ್ದ.

“ಸಿಳ್ಳಿ ಹಾಕ್ತಿದ್ದನಾ?” ಎಂದಳು ಸಿದ್ದೇಶ್ವರಿ. ಅಪ್ಪನ ಬಗ್ಗೆ ಹೊಸದಾಗಿ ಒಂದು ಮಾತು ಕೇಳಿ ಅವಳಿಗೆ ವರ್ಷಗಳೇ ಆಗಿದ್ದವು.

“ಹಾಕ್ತಿದ್ದ. ನೀ ಅದಕ್ಕ ಅಳು ನಿಲ್ಲಿಸ್ತಿದ್ದಿ.”

ಮಗಳು ಮುಂದಿನ ಬೆಂಚಿನ ಮೇಲೆ ಕೂತುಬಿಟ್ಟಳು. ಹದಿನೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ತಾನು ಮಲಗಿದ್ದ ಕಿಟಕಿಯನ್ನು ನೋಡುತ್ತಾ ಕೂತಳು. ತಾಯಿಯೂ ಬಂದು ಪಕ್ಕದಲ್ಲಿ ಕೂತಳು. ಶಾಲೆಯ ಬೆಂಚಿನ ಮೇಲೆ ಅಂಜನಾಬಾಯಿ ಕೂತದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಮೈಲೂರು. ಬಾಬುಮಿಯಾ ಹೇಳಿದ ಗುರುತು ತಪ್ಪಲಿಲ್ಲ: ಓಣಿಯ ತಿರುವಿನಲ್ಲಿ ಎರಡಂತಸ್ತಿನ ಮನೆ, ಬಾಗಿಲ ಮೇಲೆ ಸಿಮೆಂಟಿನ ಬಳ್ಳಿ. ಬಾಡಿಗೆಗೆ ಮನೆ ಹುಡುಕುತ್ತಿದ್ದೇವೆಂದು ಹೇಳೋಣವೆಂದು ಸಿದ್ದೇಶ್ವರಿ ದಾರಿಯಲ್ಲಿ ಹೇಳಿದ್ದಳು. ಬಾಗಿಲು ತೆಗೆದವರು ಎಪ್ಪತ್ತರ ಹತ್ತಿರದ, ಕನ್ನಡಕ ಹಾಕಿದ ಹೆಂಗಸು. ಮಿಶನ್ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಫ್ಲಾರೆನ್ಸ. ಮಗಳು ಬಾಯಿ ತೆರೆಯುವ ಮೊದಲೇ ಅಂಜನಾಬಾಯಿ ಹೇಳಿದಳು:

“ಈ ಮನಿಗಿ ಇಟ್ಟಂಗಿ ಹೊತ್ತೀನ್ರಿ ಬಾಯಿ. ಒಂದು ಸಲ ನೋಡಬೇಕಾಗ್ಯಾದ್ರಿ.”

ಫ್ಲಾರೆನ್ಸ ಇಬ್ಬರನ್ನೂ ನೋಡಿದರು. “ಬರ್ರಿ, ಒಳಗ ಬರ್ರಿ” ಎಂದರು. ಕುಡಿಯಲು ನೀರು ಕೊಟ್ಟರು. ತಾವೂ ಗಂಡ ಜೇಮ್ಸರೂ ಈ ಮನೆಯನ್ನು ಕೊಂಡು ಇಪ್ಪತ್ತೆರಡು ವರ್ಷವಾಯಿತು, ಕಟ್ಟಿಸಿದವರು ಯಾರೋ ತಮಗೆ ಗೊತ್ತಿಲ್ಲ ಎಂದರು. ಮೇಲಿನ ಕೋಣೆ ನೋಡಬೇಕೆಂದಾಗ ಮುಂದೆ ನಡೆದರು. ಮೆಟ್ಟಿಲ ನಡುವೆ ತಿರುಗಿ ನಿಂತು, “ಈ ಪಾವಟಿಗಿ ಜರಾ ಎತ್ತರದ ಅವ್ವಾ, ನೋಡಿ ಕಾಲಿಡ್ರಿ. ಬಂದವರೆಲ್ಲಾ ಇಲ್ಲೇ ಎಡವ್ತಾರ” ಎಂದರು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅಂಜನಾಬಾಯಿ ಗೋಡೆ ಹಿಡಿದು ಮೊಣಕಾಲೆತ್ತಿ ಆ ಮೆಟ್ಟಿಲು ಏರಿದಳು.

ಮೇಲಿನ ಕೋಣೆಯಲ್ಲಿ ಚಾಪೆಗಳ ಸುರುಳಿ, ಒಂದು ಹಾರ್ಮೋನಿಯಂ, ಗೋಡೆಯ ಮೇಲೆ ಮರದ ಶಿಲುಬೆ. ಶನಿವಾರ ಸಂಜೆ ಚರ್ಚಿನವರು ಇಲ್ಲಿ ಸೇರಿ ಭಾನುವಾರದ ಹಾಡು ಕಲಿಯುತ್ತಾರೆಂದು ಫ್ಲಾರೆನ್ಸ ಹೇಳಿದರು. ಅಂಜನಾಬಾಯಿ ಹಿಂದಿನ ಕಿಟಕಿ ತೆಗೆದು ಕೆಳಗೆ ನೋಡಿದಳು. ವೈಜಿನಾಥ ಬಿದ್ದ ಜಾಗದಲ್ಲಿ ಈಗ ಬಟ್ಟೆ ಒಗೆಯುವ ಕಲ್ಲಿತ್ತು. ಆಗಷ್ಟೇ ಒಗೆದಿದ್ದರು, ನೆಲವೆಲ್ಲ ಒದ್ದೆ, ತಂತಿಯ ಮೇಲೆ ಬೆಡ್‌ಶೀಟು, ಟಾವೆಲ್ಲು. ಇಷ್ಟು ವರ್ಷ ಅವಳ ಕಣ್ಣಲ್ಲಿ ಆ ನೆಲ ಅವತ್ತಿನ ಹಾಗೆಯೇ ಇತ್ತು. ಜಲ್ಲಿ, ಒಡೆದ ಬೊಂಬು, ಉರುಳಿದ ಬುಟ್ಟಿ.

“ಇಲ್ಲಿ ನನ್ನ ಗಂಡ ಬಿದ್ದನ್ರಿ” ಎಂದಳು. “ಈ ಗ್ವಾಡಿ ಕಟ್ಟೋವಾಗ. ದವಾಖಾನಿಗಿ ಒಯ್ಯೋದ್ರಾಗ ಜೀವ ಹೋಯ್ತು.”

ಫ್ಲಾರೆನ್ಸ ಬಾಗಿಲ ಚೌಕಟ್ಟು ಹಿಡಿದು ನಿಂತರು. ದವಾಖಾನೆಯಲ್ಲಿ ಎಷ್ಟೋ ಸಾವು ಕಂಡವರು. ಕಿಟಕಿಯ ಹತ್ತಿರ ಬಂದು ತಾವೂ ಕೆಳಗೆ ನೋಡಿದರು.

“ನಮಗ ಯಾರೂ ಹೇಳಿಲ್ರಿ. ಇಪ್ಪತ್ತೆರಡು ವರ್ಷ ಇದೇ ಕ್ವಾಣ್ಯಾಗ ಪ್ರಾರ್ಥನಾ ಮಾಡೀವಿ. ಅವರ ಹೆಸರು ಏನಿತ್ರಿ?”

“ವೈಜಿನಾಥ.”

“ಅವರ ಸಲುವಾಗಿ ಈಗ ಒಂದು ಪ್ರಾರ್ಥನಾ ಮಾಡ್ಲೇನ್ರಿ? ನಿಮಗ ಬ್ಯಾಡ ಅನಿಸಿದ್ರ ಬ್ಯಾಡ.”

ಅಂಜನಾಬಾಯಿ ಮಗಳ ಕಡೆ ನೋಡಿದಳು. ಆಮೇಲೆ, “ಮಾಡ್ರಿ” ಎಂದಳು. “ಅವನ ಹೆಸರು ತಗೊಂಡು ಯಾರೂ ಏನೂ ಮಾಡಿಲ್ರಿ. ನಾನೂ ಮಾಡಿಲ್ಲ.”

ಫ್ಲಾರೆನ್ಸ ಕನ್ನಡಕ ತೆಗೆದು ಕಣ್ಣು ಮುಚ್ಚಿದರು. ಮೆಲುದನಿಯಲ್ಲಿ, ದಿನದ ಮಾತಿನಲ್ಲೇ ಹೇಳಿದರು. ಈ ಗೋಡೆ ಕಟ್ಟಿದ ವೈಜಿನಾಥನ ಆತ್ಮಕ್ಕೆ ಶಾಂತಿ ಕೊಡು, ಅವನ ಹೆಂಡತಿಯ ಎದೆಯ ಭಾರ ಇಳಿಸು ಎಂದರು. ಭಾರ ಯಾವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂಜನಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡಳು. ಔರಾದದಲ್ಲಿ ಬಾರದ ಅಳು ಇಲ್ಲಿ ಬಂತು. ಚಾಪೆಯ ಸುರುಳಿಯ ಮೇಲೆ ಕೂತಳು. ಸಿದ್ದೇಶ್ವರಿ ಪಕ್ಕದಲ್ಲಿ ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

“ನಾ ಹೇಳಿದ್ರ ಇಳೀತಿದ್ದ, ಸಿದ್ದಿ. ನನ್ನ ಮಾತು ಕೇಳ್ತಿದ್ದ ಅವ.”

“ನೀ ಆಗ ಇಪ್ಪತ್ತೇಳು ವರ್ಷದಾಕಿ, ಅವ್ವ. ಈಗಿನ ನನಗಿಂತ ಸಣ್ಣಾಕಿ. ನಾನಿದ್ರೂ ಅಂಜತಿದ್ದೆ.”

ಅಂಜನಾಬಾಯಿ ಮಗಳ ಕೈ ಬಿಡಿಸಿಕೊಳ್ಳಲಿಲ್ಲ.

ಹೊರಡುವಾಗ ಹಿಂದಿನ ಅಂಗಳಕ್ಕೆ ಹೋಗಿ, ಒಗೆಯುವ ಕಲ್ಲಿನ ಪಕ್ಕ ಬಗ್ಗಿ ಒದ್ದೆ ನೆಲ ಮುಟ್ಟಿ ಹಣೆಗೊತ್ತಿಕೊಂಡಳು. ಊಟ ಮಾಡಿಯೇ ಹೋಗಬೇಕೆಂದು ಫ್ಲಾರೆನ್ಸ ಹಿಡಿದು ಕೂರಿಸಿದರು. ಜೋಳದ ರೊಟ್ಟಿ, ಪುಂಡಿಪಲ್ಯ. ಮೂವರೂ ಒಟ್ಟಿಗೆ ಕೂತು ಉಂಡರು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಮೊದಲು ಬಂದದ್ದು ಭಾಲ್ಕಿ ಬಸ್ಸು. ಸಿದ್ದೇಶ್ವರಿ ಅದನ್ನು ಹತ್ತಬೇಕಿತ್ತು. ತಾಯಿ ಔರಾದ ಬಸ್ಸಿಗೆ ಕಾದು ಸಂತಪುರದಲ್ಲಿ ಇಳಿಯುವುದೆಂದು ಮಾತಾಗಿತ್ತು. ಅಂಜನಾಬಾಯಿ ಆಗ ವೈಜಿನಾಥನ ಮದುವೆಯ ಅಂಗಿಯ ಕಥೆ ಹೇಳುತ್ತಿದ್ದಳು. ದರ್ಜಿ ತೋಳು ಗಿಡ್ಡ ಹೊಲಿದಿದ್ದ, ಮದುಮಗ ದಿನವಿಡೀ ಕೈ ಮಡಚಿಕೊಂಡೇ ತಿರುಗಾಡಿದ್ದ. ಕಂಡಕ್ಟರ್ ಎರಡು ಸಲ ಕೂಗಿದ. ಸಿದ್ದೇಶ್ವರಿ ಎದ್ದೇಳಲಿಲ್ಲ. ಬಸ್ಸು ಹೋಯಿತು.

“ಹೋಯ್ತಲ್ಲೇ ನಿನ್ನ ಗಾಡಿ!”

“ಹೋಗ್ಲಿ ಬಿಡು. ನಾನೂ ಸಂತಪುರಕ್ಕ ಬರ್ತೇನಿ. ಸಾಲಿ ಇನ್ನ ನಾಕು ದಿನ ಇಲ್ಲ.” ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕೇಳಿದಳು, “ಮುಂದ ಹೇಳು. ಅಂಗಿ ಏನಾಯ್ತು?”

“ಏನಾಗ್ತದ? ಬಾಬುಮಿಯಾನ ತಮ್ಮಗ ಕೊಟ್ಟ. ಅವನಿಗಿ ದೊಡ್ಡದಾಯ್ತು” ಎಂದಳು ಅಂಜನಾಬಾಯಿ.